ಆಟದ ಒಳಗಿನ ನಗು, ಹೊರಗಿನ ನಗು

ಅಕ್ಕನ ಮಗನ ಜೊತೆ ಕೂತು 'ರೆಕ್-ಇಟ್ ರಾಲ್ಫ್' ಸಿನಿಮಾ ನೋಡುತ್ತಿದ್ದೆ. ಅವನಿಗೆ ಆಗ ಒಂಬತ್ತು ವರ್ಷ. ಕಥೆಯ ನಡುವೆ ಮಿಠಾಯಿ ರಾಜ್ಯದ ದೊರೆ ಕಿಂಗ್ ಕ್ಯಾಂಡಿ ಒಂದು ಗುಪ್ತ ಬಾಗಿಲ ಮುಂದೆ ನಿಂತು, ಹಳೇ ಕಾಲದ ಕಂಟ್ರೋಲರ್ ಹಿಡಿದು ಗುಂಡಿ ಒತ್ತುತ್ತಾನೆ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್. ನಾನು ಸೋಫಾದಿಂದ ಜಾರುವಷ್ಟು ನಕ್ಕೆ. ಹುಡುಗ ನನ್ನ ಕಡೆ ತಿರುಗಿ, "ಮಾಮ, ಬಾಗಿಲು ತೆಗೆದ್ರೆ ಯಾಕ್ ನಗ್ತೀಯ?" ಅಂದ.

ಅವನಿಗೆ ವಿವರಿಸಲು ಹತ್ತು ನಿಮಿಷ ಬೇಕಾಯಿತು. ತೊಂಬತ್ತರ ದಶಕದಲ್ಲಿ ನಮ್ಮೂರಿನಲ್ಲಿ ಟೀವಿಗೆ ಸಿಕ್ಕಿಸಿ ಆಡುವ ಯಂತ್ರಕ್ಕೆ 'ಟೀವಿ ಗೇಮ್' ಅನ್ನುತ್ತಿದ್ದೆವು. ಒಬ್ಬರ ಮನೆಯಲ್ಲಿ ಅದು ಬಂದರೆ ಓಣಿಯ ಹುಡುಗರೆಲ್ಲ ಅಲ್ಲೇ. ಕ್ಯಾಸೆಟ್ ಕೈಕೊಟ್ಟರೆ ಹೊರಗೆ ತೆಗೆದು, ಅದರ ಬಾಯಿಗೆ ಊದಿ, ಮತ್ತೆ ಸಿಕ್ಕಿಸಬೇಕು. 'ಕಾಂಟ್ರಾ' ಆಟದಲ್ಲಿ ಮೂರೇ ಲೈಫ್. ಆದರೆ ಆಟ ಶುರುವಾಗುವ ಮೊದಲು ಇದೇ ಗುಂಡಿಗಳನ್ನು ಇದೇ ಕ್ರಮದಲ್ಲಿ ಒತ್ತಿದರೆ ಮೂವತ್ತು ಲೈಫ್ ಸಿಗುತ್ತಿತ್ತು. ಈ ಗುಟ್ಟಿನ ಹುಟ್ಟು ಜಪಾನಿನ ಕೊನಾಮಿ ಕಂಪನಿಯದು. ಅಲ್ಲಿ ಕೆಲಸ ಮಾಡುತ್ತಿದ್ದ ಕಜುಹಿಸಾ ಹಾಶಿಮೊಟೊ 1986ರ 'ಗ್ರೇಡಿಯಸ್' ಆಟವನ್ನು ಪರೀಕ್ಷಿಸಬೇಕಿತ್ತು. ಆಟ ಅವರಿಗೇ ಕಷ್ಟವಾಗಿ, ತಮ್ಮ ಅನುಕೂಲಕ್ಕೆಂದು ಈ ಒಳದಾರಿ ಇಟ್ಟುಕೊಂಡರು. ಅದು ಹಾಗೇ ಉಳಿದುಹೋಯಿತು. ಇಂಟರ್ನೆಟ್ ಇಲ್ಲದ ದಿನಗಳಲ್ಲಿ, ಹುಡುಗರ ಬಾಯಿಂದ ಬಾಯಿಗೆ ದಾಟುತ್ತ ನಮ್ಮ ಓಣಿಯವರೆಗೂ ಬಂದಿತ್ತು.

ವಿಡಿಯೋ ಗೇಮ್‌ಗಳನ್ನು ಕುರಿತ ಹಾಸ್ಯಚಿತ್ರಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ನಗು ನೆನಪಾಗುತ್ತದೆ. ನಕ್ಕವನು ಯಾರು, ಯಾಕೆ ನಕ್ಕ ಎನ್ನುವುದರಲ್ಲೇ ಈ ಚಿತ್ರಗಳ ಹಣೆಬರಹ ಅಡಗಿದೆ. ಆಟವನ್ನು ಎಂದೂ ಮುಟ್ಟದವನು ಆಡುವವನನ್ನು ನೋಡಿ ನಗುವ ನಗು ಒಂದು. ಆಟದ ನಿಯಮ ಗೊತ್ತಿದ್ದವನಿಗೆ ಆ ನಿಯಮ ತಲೆಕೆಳಗಾದಾಗ ಬರುವ ನಗು ಇನ್ನೊಂದು. ನಲವತ್ತು ವರ್ಷಗಳ ಈ ಚಿತ್ರಗಳನ್ನು ಸಾಲಾಗಿ ನೋಡಿದರೆ, ಮೊದಲನೆಯದರಿಂದ ಎರಡನೆಯದರ ಕಡೆಗೆ ಸಿನಿಮಾ ನಿಧಾನವಾಗಿ, ಹಲವು ಸಲ ಮುಗ್ಗರಿಸುತ್ತ ನಡೆದುಬಂದಿರುವುದು ಕಾಣುತ್ತದೆ. ನನ್ನ ಮಟ್ಟಿಗೆ ಉಳಿಯುವ ಚಿತ್ರಗಳೆಲ್ಲ ಎರಡನೆಯ ಬಗೆಯವು.

ಶುರುವಾದದ್ದು ಅಮೆರಿಕದಲ್ಲಿ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಊರೂರಿನಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳು, ಅಂದರೆ ಆರ್ಕೇಡ್‌ಗಳು ತಲೆಯೆತ್ತಿದವು. ದೊಡ್ಡವರಿಗೆ ಹೆದರಿಕೆ. ಟೆಕ್ಸಾಸ್‌ನ ಮೆಸ್ಕೀಟ್ ಊರಿನ ಆಡಳಿತ, ದೊಡ್ಡವರ ಜೊತೆಯಿಲ್ಲದೆ ಹದಿನೇಳರ ಕೆಳಗಿನವರು ಇಂಥ ಯಂತ್ರಗಳಲ್ಲಿ ಆಡಬಾರದೆಂದು ಮೊದಲೇ ನಿಯಮ ಮಾಡಿತ್ತು. ಆ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1982ರಲ್ಲಿ ತೀರ್ಪು ಬಂತು. ಮರುವರ್ಷವೇ ಬಂದ ಗ್ರೇಡನ್ ಕ್ಲಾರ್ಕ್ ನಿರ್ದೇಶನದ 'ಜಾಯ್‌ಸ್ಟಿಕ್ಸ್' ಇದೇ ಜಗಳವನ್ನು ಹಾಸ್ಯ ಮಾಡಿತು. ಊರಿನ ಉದ್ಯಮಿಯೊಬ್ಬ ಆರ್ಕೇಡ್ ಮುಚ್ಚಿಸಲು ಹೊರಡುತ್ತಾನೆ, ಹುಡುಗರು ಅದನ್ನು ಉಳಿಸಿಕೊಳ್ಳುತ್ತಾರೆ. ವಸ್ತು ಒಳ್ಳೆಯದೇ. ಚಿತ್ರ ಮಾತ್ರ ಅಗ್ಗದ ತಮಾಷೆಯಲ್ಲಿ ಮುಳುಗಿಹೋಗಿದೆ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಪರದೆಯ ಮೇಲೆ ಪ್ಯಾಕ್-ಮ್ಯಾನ್ ಹಾದುಹೋಗುತ್ತಾನೆ. ಅದೊಂದೇ ನೆನಪಿನಲ್ಲಿ ಉಳಿಯುವುದು.

1989ರ ಡಿಸೆಂಬರಿನಲ್ಲಿ ಬಂದ 'ದಿ ವಿಝರ್ಡ್' ಹೆಚ್ಚು ಮುಖ್ಯವಾದ ಚಿತ್ರ. ಮಾತು ಕಡಿಮೆಯಾದ ಪುಟ್ಟ ಹುಡುಗ, ಅವನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಗೇಮ್ ಪಂದ್ಯಕ್ಕೆ ಹೊರಟ ಅಣ್ಣ, ದಾರಿಯಲ್ಲಿ ಸೇರಿಕೊಳ್ಳುವ ಹುಡುಗಿ. ಕಥೆಯಲ್ಲಿ ಕಣ್ಣೀರೂ ಇದೆ, ನಗುವೂ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ನಿಂಟೆಂಡೊ ಕಂಪನಿಯ ಜಾಹೀರಾತಿದೆ. ಕೊನೆಯ ಪಂದ್ಯದಲ್ಲಿ ಆಡುವುದು 'ಸೂಪರ್ ಮಾರಿಯೋ ಬ್ರದರ್ಸ್ 3'. ಜಪಾನಿನಲ್ಲಿ ಅದು ಆಗಲೇ ಬಂದಿದ್ದರೂ ಅಮೆರಿಕದ ಅಂಗಡಿಗೆ ಬಂದದ್ದು 1990ರ ಫೆಬ್ರುವರಿಯಲ್ಲಿ. ಅಂದರೆ ಅಮೆರಿಕದ ಎಷ್ಟೋ ಮಕ್ಕಳು ಆ ಆಟವನ್ನು ಮೊದಲು ಕಂಡದ್ದು ಸಿನಿಮಾ ಪರದೆಯ ಮೇಲೆ, ಆಡಲು ಕೈಗೆ ಸಿಗುವ ಎರಡು ತಿಂಗಳು ಮುಂಚೆ. ವಿಮರ್ಶಕರು ಚಿತ್ರವನ್ನು ಬೈದರು, ಬೈಗುಳ ನ್ಯಾಯವಾದದ್ದೇ. ಆದರೂ ಈ ಚಿತ್ರ ಒಂದು ಕೆಲಸ ಮಾಡಿತು. ಚೆನ್ನಾಗಿ ಆಡಬಲ್ಲ ಹುಡುಗನನ್ನು ಕೆಟ್ಟವನೆಂದಾಗಲಿ ಪೆದ್ದನೆಂದಾಗಲಿ ತೋರಿಸದೆ, ಅವನ ಕೈಚಳಕವನ್ನು ಒಂದು ವಿದ್ಯೆ ಎಂದು ಒಪ್ಪಿಕೊಂಡಿತು.

ಅಲ್ಲಿಂದ ಮುಂದೆ ಹಾಲಿವುಡ್ ಆಟಗಳನ್ನೇ ಸಿನಿಮಾ ಮಾಡಲು ಹೊರಟು ಕೈಸುಟ್ಟುಕೊಂಡಿತು. 1993ರ 'ಸೂಪರ್ ಮಾರಿಯೋ ಬ್ರದರ್ಸ್' ಇದಕ್ಕೆ ದೊಡ್ಡ ಸಾಕ್ಷಿ. ಬಾಬ್ ಹಾಸ್ಕಿನ್ಸ್‌ರಂಥ ಒಳ್ಳೆಯ ನಟ ಮಾರಿಯೋ ಆಗಿದ್ದರು. ಅದು ತನ್ನ ವೃತ್ತಿಯಲ್ಲೇ ಅತಿ ಕೆಟ್ಟ ಕೆಲಸ ಎಂದು ವರ್ಷಗಳ ನಂತರ ಅವರೇ ಹೇಳಿಕೊಂಡರು. ಆಟದ ಬಣ್ಣ, ನೆಗೆತ, ಸಂಭ್ರಮ ಯಾವುದನ್ನೂ ನಂಬದೆ ಕತ್ತಲೆಯ ನಗರವೊಂದನ್ನು ಕಟ್ಟಿದ ಚಿತ್ರ ಅದು. ಮಕ್ಕಳ ಆಟವನ್ನು ಹಾಗೇ ತೋರಿಸಿದರೆ ದೊಡ್ಡವರು ನಗುತ್ತಾರೆಂಬ ಅಂಜಿಕೆ ಅದರ ಪ್ರತಿ ದೃಶ್ಯದಲ್ಲೂ ಇದೆ. ಮೂವತ್ತು ವರ್ಷಗಳ ನಂತರ, 2023ರಲ್ಲಿ, ಅದೇ ಮಾರಿಯೋನನ್ನು ಅವನ ಬಣ್ಣದಲ್ಲೇ ತೋರಿಸಿದ ಅನಿಮೇಷನ್ ಚಿತ್ರ ಜಗತ್ತಿನಾದ್ಯಂತ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಚಿತ್ರ ಸಾಧಾರಣ, ಅಂಜಿಕೆ ಮಾತ್ರ ಹೋಗಿತ್ತು.

ಆಟ ಕಟ್ಟುವವರ ಕಚೇರಿಯೊಳಗೆ ಮೊದಲು ಇಣುಕಿದ ಹಾಸ್ಯಚಿತ್ರಗಳಲ್ಲಿ 2006ರ 'ಗ್ರ್ಯಾಂಡ್‌ಮಾಸ್ ಬಾಯ್' ಒಂದು. ಮೂವತ್ತೈದು ದಾಟಿದ ಗೇಮ್ ಟೆಸ್ಟರ್ ಒಬ್ಬ ಮನೆ ಕಳೆದುಕೊಂಡು ಅಜ್ಜಿಯ ಮನೆ ಸೇರುತ್ತಾನೆ. ಚಿತ್ರಮಂದಿರದಲ್ಲಿ ಓಡಲಿಲ್ಲ, ಡಿವಿಡಿಯಲ್ಲಿ ಜನ ಹುಡುಕಿ ನೋಡಿದರು. ಹೆಚ್ಚಿನ ತಮಾಷೆ ಒರಟು. ಮನೆಮಂದಿಯ ಜೊತೆ ಕೂತು ನೋಡುವಂಥದ್ದಲ್ಲ. ಆದರೆ ಡೋರಿಸ್ ರಾಬರ್ಟ್ಸ್ ಮಾಡಿದ ಅಜ್ಜಿಯ ಪಾತ್ರಕ್ಕೆ ಜೀವವಿದೆ. ಮೊಮ್ಮಗನ ಕೆಲಸ ಏನೆಂದು ಆಕೆಗೆ ಗೊತ್ತಿಲ್ಲ, ಆದರೂ ಅದು ಕೆಲಸ ಎಂದು ನಂಬಿದ್ದಾಳೆ. ಆಟ ಆಡಿದ್ದಕ್ಕೆ ಸಂಬಳ ಕೊಡುತ್ತಾರಾ ಎಂದು ಹಿರಿಯರಿಂದ ಕೇಳಿಸಿಕೊಂಡ ಬೆಂಗಳೂರಿನ ಗೇಮ್ ಟೆಸ್ಟರ್‌ಗಳಿಗೆ ಈ ನಂಬಿಕೆಯ ಬೆಲೆ ಗೊತ್ತು.

ಇನ್ನು ನಾನು ಬಹಳ ಪ್ರೀತಿಸುವ ಚಿತ್ರಕ್ಕೆ ಬರುತ್ತೇನೆ. 2007ರ 'ದಿ ಕಿಂಗ್ ಆಫ್ ಕಾಂಗ್' ಸಾಕ್ಷ್ಯಚಿತ್ರ, ಸೇತ್ ಗೋರ್ಡನ್ ಅದರ ನಿರ್ದೇಶಕರು. ಹಾಸ್ಯಚಿತ್ರಗಳ ಪಟ್ಟಿಯಲ್ಲಿ ಸಾಕ್ಷ್ಯಚಿತ್ರಕ್ಕೇನು ಕೆಲಸ ಎಂದು ಕೇಳಬಹುದು. ಇದರಷ್ಟು ನಗಿಸುವ, ನಗಿಸುತ್ತಲೇ ಎದೆ ಹಿಂಡುವ ಗೇಮ್ ಚಿತ್ರ ನಾನು ಬೇರೆ ನೋಡಿಲ್ಲ. ವಾಷಿಂಗ್ಟನ್ ರಾಜ್ಯದ ರೆಡ್‌ಮಂಡ್ ಊರಿನ ಸ್ಟೀವ್ ವೀಬ್ ಕೆಲಸ ಕಳೆದುಕೊಂಡು, ಗ್ಯಾರೇಜಿನಲ್ಲಿ 1981ರ 'ಡಾಂಕಿ ಕಾಂಗ್' ಯಂತ್ರ ಇಟ್ಟುಕೊಂಡು, ವಿಶ್ವದಾಖಲೆ ಮುರಿಯಲು ಕೂರುತ್ತಾರೆ. ಆ ದಾಖಲೆ ಬಿಲ್ಲಿ ಮಿಚೆಲ್ ಎಂಬ ಹಳೆಯ ಚಾಂಪಿಯನ್ನರ ಹೆಸರಲ್ಲಿದೆ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ವೀಬ್ ತಮ್ಮ ಆಟವನ್ನು ಕ್ಯಾಮೆರಾದಲ್ಲಿ ದಾಖಲಿಸುತ್ತಿದ್ದಾರೆ. ಅಂಕ ಹತ್ತು ಲಕ್ಷದ ಕಡೆಗೆ ಏರುತ್ತಿದೆ, ಯಾರೂ ಮಾಡದ ಸಾಧನೆ ಕೈಗೆಟುಕುತ್ತಿದೆ. ಅಷ್ಟರಲ್ಲಿ ಹಿಂದಿನಿಂದ ಪುಟ್ಟ ಮಗ ಕೂಗುತ್ತಾನೆ: ಕಕ್ಕಸಿಗೆ ಹೋಗಿದ್ದಾಗಿದೆ, ಅಪ್ಪ ಬಂದು ತೊಳೆಸಬೇಕು, ಆಟ ನಿಲ್ಲಿಸಬೇಕು. ಅಪ್ಪನಿಗೆ ಕೈ ತೆಗೆಯಲು ಸಾಧ್ಯವಿಲ್ಲ. ಮಗ ಅಳುತ್ತಾನೆ, ಅಪ್ಪ ಸಮಾಧಾನ ಹೇಳುತ್ತ ಆಡುತ್ತಲೇ ಇರುತ್ತಾರೆ. ಯಾವ ಚಿತ್ರಕಥೆಗಾರ ಕೂತು ಬರೆದರೂ ಇದನ್ನು ಬರೆಯಲಾರ. ನಗು ಬರುತ್ತದೆ, ಆ ನಗುವಿನಲ್ಲಿ ಅಪ್ಪನೂ ನಮ್ಮವನೇ, ಮಗನೂ ನಮ್ಮವನೇ.

ಅದೇ ಚಿತ್ರದಲ್ಲಿ 'ಕಿಲ್ ಸ್ಕ್ರೀನ್' ಎಂಬುದರ ಮಾತು ಬರುತ್ತದೆ. ಆಟದ ಪ್ರತಿ ಹಂತಕ್ಕೂ ಯಂತ್ರ ಇಷ್ಟು ಸಮಯ ಎಂದು ಲೆಕ್ಕ ಹಾಕುತ್ತದೆ. ಇಪ್ಪತ್ತೆರಡನೆಯ ಲೆವೆಲ್ಲಿಗೆ ಬಂದಾಗ ಆ ಲೆಕ್ಕ 260 ಆಗಬೇಕು. ಆದರೆ ಆ ಕಾಲದ ಚಿಪ್ಪಿನ ಒಂದು ಕೋಣೆಯಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. 256 ಕಳೆದು 4 ಉಳಿಯುತ್ತದೆ. ಈ ಆಟದಲ್ಲೂ ನಾಯಕನಾಗಿರುವ ಪಾಪದ ಮಾರಿಯೋ ಏಣಿ ಹತ್ತುವಷ್ಟರಲ್ಲಿ ಸಮಯ ಮುಗಿದು ಸಾಯುತ್ತಾನೆ. ಚಿತ್ರ ಬಂದ ಕಾಲಕ್ಕೆ ಜಗತ್ತಿನ ಎಷ್ಟೇ ದೊಡ್ಡ ಆಟಗಾರನಿಗೂ ಅಲ್ಲಿಂದ ಮುಂದೆ ಹೋಗಲು ಆಗುತ್ತಿರಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಫನ್‌ಸ್ಪಾಟ್ ಆರ್ಕೇಡಿನಲ್ಲಿ ವೀಬ್ ಆ ಹಂತಕ್ಕೆ ಹತ್ತಿರವಾದಾಗ ಒಬ್ಬಾತ ಹಾಲ್ ತುಂಬ ಓಡಾಡಿ, ಬೇರೆ ಬೇರೆ ಯಂತ್ರಗಳಲ್ಲಿ ಮುಳುಗಿದವರ ಕಿವಿಯಲ್ಲಿ ಸುದ್ದಿ ಹಾಕುತ್ತಾನೆ. ಒಬ್ಬೊಬ್ಬರೇ ಎದ್ದು ಬಂದು ಸುತ್ತ ನಿಲ್ಲುತ್ತಾರೆ. ಅವರ ಮುಖದಲ್ಲಿರುವ ಭಕ್ತಿಯನ್ನು ನೋಡಬೇಕು. ಹೊರಗಿನವನಿಗೆ ಇದು ನಗೆಪಾಟಲು. ಒಳಗಿನವನಿಗೆ ತೇರು ಎಳೆಯುವ ಹೊತ್ತು. ಗೋರ್ಡನ್‌ರ ಕ್ಯಾಮೆರಾ ಇಬ್ಬರಿಗೂ ಜಾಗ ಕೊಟ್ಟಿದೆ.

ಆ ಚಿತ್ರ ಮಿಚೆಲ್‌ರನ್ನು ಖಳನಾಯಕನಂತೆ ತೋರಿಸಿದೆ, ಘಟನೆಗಳನ್ನು ಸರಳ ಮಾಡಿದೆ ಎಂಬ ಟೀಕೆಯೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ದಾಖಲೆ ಕಾಯುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ 2018ರಲ್ಲಿ ಮಿಚೆಲ್‌ರ ಅಂಕಗಳನ್ನು ತೆಗೆದುಹಾಕಿತು. ವರ್ಷಗಟ್ಟಲೆ ನಡೆದ ವ್ಯಾಜ್ಯ 2024ರಲ್ಲಿ ರಾಜಿಯಾಗಿ, ಅಂಕಗಳು ಹಳೆಯ ದಾಖಲೆಗಳ ಸಂಗ್ರಹಕ್ಕೆ ಮರಳಿದವು. ನಾಣ್ಯದ ಯಂತ್ರವೊಂದರ ಅಂಕ ಕೋರ್ಟಿನ ಮೆಟ್ಟಿಲು ಹತ್ತುವಷ್ಟು ಜನ ಇದನ್ನು ಹಚ್ಚಿಕೊಂಡಿದ್ದಾರೆ.

2010ರಲ್ಲಿ ಎಡ್ಗರ್ ರೈಟ್ 'ಸ್ಕಾಟ್ ಪಿಲ್‌ಗ್ರಿಮ್ ವರ್ಸಸ್ ದಿ ವರ್ಲ್ಡ್' ಮಾಡಿದರು. ಬ್ರಯಾನ್ ಲೀ ಓಮ್ಯಾಲಿಯ ಕಾಮಿಕ್ಸ್ ಅದರ ಮೂಲ, ಟೊರಾಂಟೊ ಅದರ ಊರು. ಇಲ್ಲಿ ಯಾರೂ ಗೇಮಿನೊಳಗೆ ಹೋಗುವುದಿಲ್ಲ; ಊರೇ ಗೇಮಿನ ನಿಯಮದಲ್ಲಿ ನಡೆಯುತ್ತದೆ. ಹುಡುಗಿಯನ್ನು ಒಲಿಸಿಕೊಳ್ಳಬೇಕಾದರೆ ಅವಳ ಹಿಂದಿನ ಏಳು ಸಂಗಾತಿಗಳನ್ನು ಒಬ್ಬೊಬ್ಬರಾಗಿ ಸೋಲಿಸಬೇಕು, ಒಂದೊಂದು ಸ್ಟೇಜಿಗೆ ಒಬ್ಬ ಬಾಸ್. ಮೊದಲನೆಯವನು ಮ್ಯಾಥ್ಯೂ ಪಟೇಲ್; ನಮ್ಮ ಹಿಂದಿ ಸಿನಿಮಾದ ಹಾಡಿನ ಗತ್ತಿನಲ್ಲಿ ಕುಣಿಯುತ್ತ ಬರುತ್ತಾನೆ, ಸೋತಾಗ ಚಿಲ್ಲರೆ ನಾಣ್ಯವಾಗಿ ನೆಲಕ್ಕೆ ಚೆಲ್ಲುತ್ತಾನೆ. ಸ್ಕಾಟ್ ಖುಷಿಯಿಂದ ಬಾಚಿಕೊಂಡು ಎಣಿಸಿದರೆ ಬಸ್ ಚಾರ್ಜಿಗೂ ಸಾಲುವುದಿಲ್ಲ. ಗೇಮಿನಲ್ಲಿ ಶತ್ರು ಸತ್ತರೆ ನಾಣ್ಯ ಉದುರುತ್ತದೆ ಎಂದು ಗೊತ್ತಿದ್ದವರಿಗೇ ಈ ದೃಶ್ಯದ ರುಚಿ ಪೂರ್ತಿ ಸಿಗುವುದು. ಕೊನೆಯಲ್ಲಿ ಸ್ಕಾಟ್ ಸತ್ತು, ಮಿಕ್ಕಿದ್ದ ಒಂದು ಲೈಫ್‌ನಿಂದ ಎದ್ದು ಬಂದು ಅದೇ ಸ್ಟೇಜನ್ನು ಮತ್ತೆ ಆಡುತ್ತಾನೆ. ಮೊದಲ ಸಲ ಎಡವಿದ್ದನ್ನೆಲ್ಲ ಎರಡನೆಯ ಸಲ ತಿದ್ದಿಕೊಳ್ಳುತ್ತಾನೆ. ಸೋಲು ಪಾಠವಾಗುವುದು ಎಂದರೇನೆಂದು ಆಟದ ಭಾಷೆಯಲ್ಲಿ ಇಷ್ಟು ಸಲೀಸಾಗಿ ಹೇಳಿದ ಇನ್ನೊಂದು ಚಿತ್ರ ಕಾಣೆ. ಆರು ಕೋಟಿ ಡಾಲರ್ ಖರ್ಚಾದ ಚಿತ್ರ ಬಿಡುಗಡೆಯಲ್ಲಿ ಐದು ಕೋಟಿಯನ್ನೂ ಮುಟ್ಟಲಿಲ್ಲ. ಒಳಗಿನ ನಗು ನಗಬಲ್ಲ ಪ್ರೇಕ್ಷಕರು ಆಗಿನ್ನೂ ಚಿತ್ರಮಂದಿರ ತುಂಬುವಷ್ಟು ಇರಲಿಲ್ಲ.

ಎರಡೇ ವರ್ಷದಲ್ಲಿ ಡಿಸ್ನಿಯ 'ರೆಕ್-ಇಟ್ ರಾಲ್ಫ್' ಬಂದು 47 ಕೋಟಿ ಡಾಲರ್ ಗಳಿಸಿತು. ರಿಚ್ ಮೂರ್ ನಿರ್ದೇಶನದ ಈ ಚಿತ್ರ ಗೆದ್ದದ್ದು ಒಂದು ಸರಳ ಪ್ರಶ್ನೆಯಿಂದ: ಅಂಗಡಿ ಮುಚ್ಚಿದ ಮೇಲೆ ಆಟದ ಪಾತ್ರಗಳು ಏನು ಮಾಡುತ್ತವೆ? ರಾಲ್ಫ್ ಕಟ್ಟಡ ಒಡೆಯುವ ಖಳ. ಮೂವತ್ತು ವರ್ಷ ಅದನ್ನೇ ಮಾಡಿದ್ದಾನೆ. ರಾತ್ರಿ ಆದರೆ ಕಟ್ಟಡದವರೆಲ್ಲ ಮಹಡಿಯಲ್ಲಿ, ಅವನು ಇಟ್ಟಿಗೆ ರಾಶಿಯ ಮೇಲೆ. ಆಟದ ವಾರ್ಷಿಕೋತ್ಸವದ ಔತಣಕ್ಕೂ ಅವನಿಗೆ ಕರೆ ಇಲ್ಲ. ಖಳರೆಲ್ಲ ವೃತ್ತವಾಗಿ ಕೂತು ತಮ್ಮ ಸಂಕಟ ಹೇಳಿಕೊಳ್ಳುವ ಸಭೆಯ ದೃಶ್ಯವಂತೂ ಹಾಸ್ಯ ಬರವಣಿಗೆಗೆ ಮಾದರಿ. ನಮ್ಮ ಯಕ್ಷಗಾನದಲ್ಲಿ ರಾಕ್ಷಸ ವೇಷ ಕಟ್ಟುವ ಕಲಾವಿದ ಚೌಕಿಯಲ್ಲಿ ಬಣ್ಣ ಅಳಿಸಿ ಚಹಾ ಕುಡಿಯುವಾಗ ಎಷ್ಟು ಮೆದು ಮನುಷ್ಯ ಎಂದು ಕಂಡವರಿಗೆ ರಾಲ್ಫ್ ಪರಕೀಯನಲ್ಲ.

ಆ ಚಿತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಫೀಲಿಕ್ಸ್‌ನ ಸುತ್ತಿಗೆ. ಫೀಲಿಕ್ಸ್ ಆಟದ ನಾಯಕ; ರಾಲ್ಫ್ ಒಡೆದದ್ದನ್ನು ಅವನು ರಿಪೇರಿ ಮಾಡುತ್ತಾನೆ. ಅವನ ಸುತ್ತಿಗೆ ಮುಟ್ಟಿದ್ದೆಲ್ಲ ಸರಿಯಾಗುತ್ತದೆ, ಅದೇ ಅದರ ನಿಯಮ. ಒಮ್ಮೆ ಅವನು ಜೈಲು ಪಾಲಾಗುತ್ತಾನೆ. ಕಂಬಿ ಮುರಿಯಲು ಸುತ್ತಿಗೆ ಬೀಸುತ್ತಾನೆ. ಏಟು ಬಿದ್ದಷ್ಟೂ ಕಂಬಿ ದಪ್ಪವಾಗುತ್ತದೆ. ಒಡೆಯಬಲ್ಲ ರಾಲ್ಫ್ ಹೊರಗಿದ್ದಾನೆ, ಒಡೆಯಲಾರದ ಫೀಲಿಕ್ಸ್ ಒಳಗಿದ್ದಾನೆ. ನಿಯಮ, ನಗು, ಕಥೆಯ ತಿರುಳು, ಮೂರೂ ಒಂದೇ ಏಟಿನಲ್ಲಿ ಬರುತ್ತವೆ. ಹಾಗೆಯೇ ಆ ಕಟ್ಟಡದ ನಿವಾಸಿಗಳು ಹಳೆಯ ಆಟದ ಗೊಂಬೆಗಳ ಹಾಗೆ ತಡೆತಡೆದು, ಜಿಗಿಜಿಗಿದು ನಡೆಯುತ್ತಾರೆ. ಹೊಸ ಆಟದಿಂದ ಬಂದವರು ನೀರಿನ ಹಾಗೆ ಚಲಿಸುತ್ತಾರೆ. ಯಂತ್ರ ಕಿತ್ತುಹಾಕಿದ್ದರಿಂದ ಮನೆ ಕಳೆದುಕೊಂಡ ಹಳೆಯ ಆಟದ ಕ್ಯೂಬರ್ಟ್, ಆಟಗಳ ನಡುವಿನ ನಿಲ್ದಾಣದಲ್ಲಿ ಬೇಡುತ್ತ ಕೂತಿದ್ದಾನೆ. ಮಕ್ಕಳು ಅವನನ್ನು ಯಾರೋ ಕಿತ್ತಳೆ ಬಣ್ಣದ ಪ್ರಾಣಿ ಎಂದುಕೊಳ್ಳುತ್ತಾರೆ. 1982ರಲ್ಲಿ ಬಂದ ಆ ಆಟ ಆಡಿದವರಿಗೆ ಗಂಟಲು ಬಿಗಿಯುತ್ತದೆ.

ಇದಕ್ಕೆ ತದ್ವಿರುದ್ಧ 2015ರ 'ಪಿಕ್ಸೆಲ್ಸ್'. ಪ್ಯಾಟ್ರಿಕ್ ಜೀನ್ 2010ರಲ್ಲಿ ಮಾಡಿದ ಎರಡೂವರೆ ನಿಮಿಷದ ಕಿರುಚಿತ್ರ ಅದರ ಬೀಜ. ಹಳೆಯ ಆಟಗಳ ಚೌಕಚೌಕದ ಜೀವಿಗಳು ನಗರವನ್ನು ನುಂಗುವ ಆ ಕಿರುಚಿತ್ರ ಒಂದು ರತ್ನ. ಅದನ್ನು ಆಡಮ್ ಸ್ಯಾಂಡ್ಲರ್ ನಾಯಕನಾದ ದೊಡ್ಡ ಚಿತ್ರ ಮಾಡಿದಾಗ ಹೊಳಪು ಹೋಯಿತು. ಆಟಗಾರ ಎಂದರೆ ಬೆಳೆಯದ ಗಂಡಸು ಎಂಬ ಹಳೆಯ ಗೇಲಿ ಮತ್ತೆ ಬಂತು. ಅದಕ್ಕಿಂತ ಕೆಟ್ಟದ್ದು, ಗೇಮಿನ ಹೆಣ್ಣು ಪಾತ್ರವೊಂದನ್ನು ಗೆದ್ದವನಿಗೆ ಬಹುಮಾನವೆಂಬಂತೆ ಕೊಡುವುದು. ಅದರ ಹಿಂದಿನ ವರ್ಷ, 2014ರಲ್ಲಿ, ಆಟ ಕಟ್ಟುವ ಮತ್ತು ಆಟಗಳ ಬಗ್ಗೆ ಬರೆಯುವ ಹೆಣ್ಣುಮಕ್ಕಳನ್ನು ಬೆದರಿಸಿ, ಹೀಯಾಳಿಸಿ, ಮನೆ ಬಿಡುವಂತೆ ಮಾಡಿದ ಗೇಮರ್‌ಗೇಟ್ ಪ್ರಕರಣ ಜಗತ್ತಿಗೇ ಗೊತ್ತಾಗಿತ್ತು. ಅಂಥ ಹೊತ್ತಿನಲ್ಲಿ ಹೆಣ್ಣನ್ನು ಟ್ರೋಫಿ ಮಾಡಿದ ಹಾಸ್ಯಕ್ಕೆ ಕ್ಷಮೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಇಡೀ ಪರಂಪರೆಯ ದೊಡ್ಡ ಕೊರತೆಯೂ ಇದೇ. ನಾನು ಹೆಸರಿಸಿದ ಚಿತ್ರಗಳಲ್ಲಿ ಆಡುವ ಹೆಣ್ಣುಮಗಳೇ ಕಥೆಯ ಕೇಂದ್ರವಾಗಿರುವುದು ಒಂದರಲ್ಲೂ ಇಲ್ಲ.

ಈ ಕೊರತೆಯನ್ನು ಅರಿತು ಒಂದಿಷ್ಟಾದರೂ ಆಡಿದ್ದು 2017ರ 'ಜುಮಾಂಜಿ: ವೆಲ್‌ಕಮ್ ಟು ದಿ ಜಂಗಲ್'. ನಾಲ್ವರು ಶಾಲಾ ಮಕ್ಕಳು ಗೇಮಿನೊಳಗೆ ಬಿದ್ದು ಬೇರೆ ಬೇರೆ ದೇಹ ಪಡೆಯುತ್ತಾರೆ. ನಾಚಿಕೆಯ ಸಣಕಲು ಹುಡುಗ ಡ್ವೇನ್ ಜಾನ್ಸನ್ ಆಗುತ್ತಾನೆ. ಸದಾ ಸೆಲ್ಫಿ ತೆಗೆಯುವ ಹುಡುಗಿ ಬೊಜ್ಜಿನ ನಡುವಯಸ್ಕ ಜ್ಯಾಕ್ ಬ್ಲ್ಯಾಕ್ ಆಗುತ್ತಾಳೆ. ಓದಿನಲ್ಲಿ ಮುಳುಗಿದ ಮಾರ್ಥಾ ತುಂಡು ಬಟ್ಟೆಯ ಯೋಧೆಯಾಗಿ, ಕಾಡಿನಲ್ಲಿ ಯಾರಾದರೂ ಹೀಗೆ ಬಟ್ಟೆ ಹಾಕುತ್ತಾರಾ ಎಂದು ರೇಗುತ್ತಾಳೆ. ದಶಕಗಳಿಂದ ಗೇಮ್‌ಗಳು ಹೆಣ್ಣು ಪಾತ್ರಗಳಿಗೆ ಮಾಡಿದ ಅನ್ಯಾಯ ಆ ಒಂದು ಮಾತಿನಲ್ಲಿ ಬಯಲಾಗುತ್ತದೆ. ಒಬ್ಬೊಬ್ಬರಿಗೂ ಮೂರು ಲೈಫ್, ತೋಳಿನ ಮೇಲೆ ಗುರುತು. ಸತ್ತರೆ ಆಕಾಶದಿಂದ ಧೊಪ್ಪನೆ ಬೀಳುವುದು. ಕೆವಿನ್ ಹಾರ್ಟ್ ಮಾಡಿದ ಪಾತ್ರದ ದೌರ್ಬಲ್ಯಗಳ ಪಟ್ಟಿಯಲ್ಲಿ ಕೇಕ್ ಎಂದಿದೆ. ಗೊತ್ತಿಲ್ಲದೆ ತಿಂದು ಬಾಂಬಿನ ಹಾಗೆ ಸಿಡಿದುಹೋಗುತ್ತಾನೆ. ಚಿತ್ರ 96 ಕೋಟಿ ಡಾಲರ್ ಗಳಿಸಿತು. ಸ್ಕಾಟ್ ಪಿಲ್‌ಗ್ರಿಮ್‌ಗೆ ಸಿಗದ ಪ್ರೇಕ್ಷಕರು ಏಳು ವರ್ಷದಲ್ಲಿ ತಯಾರಾಗಿದ್ದರು.

ಜುಮಾಂಜಿಯ ಕಾಡಿನಲ್ಲಿ ನೈಜಲ್ ಎಂಬ ದಾರಿ ತೋರಿಸುವವನಿದ್ದಾನೆ. ಏನು ಕೇಳಿದರೂ ತನಗೆ ಬರೆದುಕೊಟ್ಟ ನಾಲ್ಕು ಮಾತನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಗೇಮ್ ಭಾಷೆಯಲ್ಲಿ ಇಂಥವರಿಗೆ ಎನ್‌ಪಿಸಿ ಅನ್ನುತ್ತಾರೆ, ಆಟಗಾರನಲ್ಲದ ಪಾತ್ರ. ಯಕ್ಷಗಾನದಲ್ಲಿ ದೂತನಿದ್ದಾನಲ್ಲ, ಹಾಗೆ: ಬಂದು ಓಲೆ ಕೊಟ್ಟು ಹೋಗಬೇಕಾದವನು. ಆದರೆ ಒಳ್ಳೆಯ ಹಾಸ್ಯಗಾರ ಆ ದೂತನ ವೇಷ ಕಟ್ಟಿ ರಂಗಕ್ಕೆ ಬಂದರೆ ರಾಜನನ್ನೂ ಮರೆಸಿ ನಿಲ್ಲಬಲ್ಲ. 2021ರ 'ಫ್ರೀ ಗೈ' ಮಾಡಿದ್ದು ಇದನ್ನೇ. ರಯಾನ್ ರೆನಾಲ್ಡ್ಸ್ ಇಲ್ಲಿ ಬ್ಯಾಂಕಿನ ಗುಮಾಸ್ತ. ನೀಲಿ ಅಂಗಿ, ದಿನಾ ಅದೇ ಕಾಫಿ, ದಿನಾ ಬ್ಯಾಂಕ್ ದರೋಡೆ. ದರೋಡೆಯಾಗುವಾಗ ಅವನೂ ಗೆಳೆಯ ಕಾವಲುಗಾರನೂ ನೆಲಕ್ಕೆ ಬೋರಲು ಮಲಗಿ, ಕೆಲಸ ಮುಗಿದ ಮೇಲೆ ಏನು ಮಾಡೋಣ ಎಂದು ಆರಾಮಾಗಿ ಮಾತಾಡಿಕೊಳ್ಳುತ್ತಾರೆ. ಊರಿಗೆ ಬಂದ ಕನ್ನಡಕದ ಜನ, ಅಂದರೆ ನಮ್ಮಂಥ ಆಟಗಾರರು, ಗುಂಡು ಹೊಡೆದು ಗಾಡಿ ಹತ್ತಿಸಿಕೊಂಡು ಹೋಗುತ್ತಾರೆ. ನಾವು ಆಡುವಾಗ ಫುಟ್‌ಪಾತಿನ ಮೇಲಿದ್ದ ಆ ಮನುಷ್ಯನ ಮುಖ ನೋಡಿದ್ದೆವಾ? ಅಷ್ಟು ದೊಡ್ಡ ಕಲ್ಪನೆಯನ್ನು ಚಿತ್ರದ ದ್ವಿತೀಯಾರ್ಧ ಮಾಮೂಲಿ ಪ್ರೇಮಕಥೆ ಮಾಡಿಬಿಟ್ಟಿದೆ ಎಂಬ ಬೇಸರ ನನಗಿದೆ. ಮೊದಲ ಅರ್ಧ ಗಂಟೆಗಾಗಿಯೇ ನೋಡಬೇಕು.

ಹಿಂದಿಯ ಬಗ್ಗೆ ಒಂದು ಮಾತು. 2011ರ ದೀಪಾವಳಿಗೆ ಬಂದ 'ರಾ.ಒನ್' ಭಾರತದಲ್ಲಿ ಗೇಮ್ ಕಟ್ಟುವವನನ್ನೇ ನಾಯಕನನ್ನಾಗಿ ಮಾಡಿದ ದೊಡ್ಡ ಚಿತ್ರ. ಮಗನಿಗೆ ನಾಯಕನಿಗಿಂತ ಖಳನೇ ಇಷ್ಟ ಎಂದು ಅಪ್ಪ ಸೋಲದ ಖಳನನ್ನು ಕಟ್ಟುತ್ತಾನೆ, ಆ ಖಳ ಆಟ ಬಿಟ್ಟು ಹೊರಗೆ ಬರುತ್ತಾನೆ. ಎಂಥ ಒಳ್ಳೆಯ ಎಳೆ! ನಗಿಸುವ ಹೊತ್ತು ಬಂದಾಗ ಮಾತ್ರ ಚಿತ್ರ ಆಟದ ಕಡೆ ನೋಡಲೇ ಇಲ್ಲ; ಆ ಅಪ್ಪ, ಶೇಖರ್ ಸುಬ್ರಮಣ್ಯಂ ಎಂಬ ದಕ್ಷಿಣದವನು, ನೂಡಲ್ಸ್‌ಗೆ ಮೊಸರು ಕಲಸಿ ತಿನ್ನುವುದನ್ನು ತೋರಿಸಿ ನಗಿಸಲು ಹೋಯಿತು. ತಮಿಳರು ಬೇಸರಪಟ್ಟರು. ಮೊಸರನ್ನ ತಿನ್ನುವ ನಮಗೂ ಆ ನಗು ಹಿತವಾಗಲಿಲ್ಲ.

ಜಪಾನ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. 2019ರ 'ಬ್ರೇವ್ ಫಾದರ್ ಆನ್‌ಲೈನ್' ಒಬ್ಬ ಮಗನ ನಿಜ ಅನುಭವದಿಂದ ಬಂದದ್ದು. ಕೆಲಸ ಬಿಟ್ಟು ಮನೆಯಲ್ಲಿ ಕೂತ, ಮಾತೇ ಆಡದ ಅಪ್ಪ. ಮಗ ಅವರಿಗೆ 'ಫೈನಲ್ ಫ್ಯಾಂಟಸಿ 14' ಆಡಲು ಕೊಟ್ಟು, ತಾನು ಬೇರೊಂದು ಹೆಸರಿನಲ್ಲಿ ಆ ಆಟದೊಳಗೆ ಅಪ್ಪನ ಗೆಳೆತನ ಬೆಳೆಸುತ್ತಾನೆ. ಪಕ್ಕದ ಕೋಣೆಯಲ್ಲಿರುವ ಮಗನೊಡನೆ ಮಾತಾಡದ ಅಪ್ಪ, ಆಟದೊಳಗಿನ ಅಪರಿಚಿತ ಗೆಳೆಯನ ಹತ್ತಿರ ಮನಸ್ಸು ಬಿಚ್ಚುತ್ತಾರೆ. ಇಂಥ ಅಪ್ಪ ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ?

2025ರ 'ಎ ಮೈನ್‌ಕ್ರಾಫ್ಟ್ ಮೂವಿ' ಬಗ್ಗೆ ಹೇಳುವುದಾದರೆ, ಚಿತ್ರಕ್ಕಿಂತ ಚಿತ್ರಮಂದಿರದಲ್ಲಿ ನಡೆದದ್ದೇ ದೊಡ್ಡದು. ಕೋಳಿಯ ಮೇಲೆ ಕೂತ ಪುಟ್ಟ ಝಾಂಬಿ ಆ ಆಟದಲ್ಲಿ ಅಪರೂಪಕ್ಕೆ ಕಾಣಿಸುತ್ತದೆ. ಪರದೆಯ ಮೇಲೆ ಜ್ಯಾಕ್ ಬ್ಲ್ಯಾಕ್ ಅದರ ಹೆಸರು ಕೂಗಿದೊಡನೆ ಅಮೆರಿಕದ ಹುಡುಗರು ಎದ್ದು ನಿಂತು, ಕಿರುಚಿ, ಪಾಪ್‌ಕಾರ್ನ್ ತೂರಿದರು. ಹಲವು ಚಿತ್ರಮಂದಿರಗಳು ಎಚ್ಚರಿಕೆ ಫಲಕ ಹಾಕಬೇಕಾಯಿತು. ಗಾಂಧಿನಗರದ ಚಿತ್ರಮಂದಿರಗಳಲ್ಲಿ ನಾಯಕನ ಪ್ರವೇಶಕ್ಕೆ ಶಿಳ್ಳೆ ಹೊಡೆದು ನಾಣ್ಯ, ಚೂರು ಕಾಗದ ತೂರಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಕಸ ಗುಡಿಸಿದವರ ಕಷ್ಟ ದೊಡ್ಡದೇ. ಆದರೆ ನನ್ನ ಅಕ್ಕನ ಮಗ ಅಂದು ಕೇಳಿದ ಪ್ರಶ್ನೆಯನ್ನು ಈಗ ದೊಡ್ಡವರು ಕೇಳುವ ಸರದಿ ಬಂದಿತ್ತು: ಇದಕ್ಕೆ ಯಾಕೆ ನಗುತ್ತೀರಿ?

ಕೊನೆಗೆ, ಇಷ್ಟೆಲ್ಲದರಲ್ಲಿ ನಾನು ತುದಿಯಲ್ಲಿ ಇಡುವ ಚಿತ್ರ. 2024ರ 'ಗ್ರ್ಯಾಂಡ್ ಥೆಫ್ಟ್ ಹ್ಯಾಮ್ಲೆಟ್' ಪೂರ್ತಿಯಾಗಿ ಒಂದು ವಿಡಿಯೋ ಗೇಮಿನೊಳಗೇ ಚಿತ್ರಿತವಾದದ್ದು. 2021ರ ಜನವರಿ, ಇಂಗ್ಲೆಂಡಿನಲ್ಲಿ ಮತ್ತೆ ಲಾಕ್‌ಡೌನ್. ಸ್ಯಾಮ್ ಕ್ರೇನ್, ಮಾರ್ಕ್ ಊಸ್ಟರ್‌ವೀನ್ ಎಂಬ ಇಬ್ಬರು ರಂಗನಟರಿಗೆ ಕೆಲಸವಿಲ್ಲ. ಕಾಲ ಕಳೆಯಲು 'ಗ್ರ್ಯಾಂಡ್ ಥೆಫ್ಟ್ ಆಟೋ ಆನ್‌ಲೈನ್' ಆಡುತ್ತ, ಆ ಕೊಲೆಗಡುಕ ಊರಿನಲ್ಲಿ ಒಂದು ಬಯಲು ರಂಗಮಂದಿರ ಕಾಣುತ್ತಾರೆ. ಇಲ್ಲೇ 'ಹ್ಯಾಮ್ಲೆಟ್' ನಾಟಕ ಆಡಿದರೆ ಹೇಗೆ? ಸ್ಯಾಮ್‌ರ ಪತ್ನಿ ಪಿನ್ನಿ ಗ್ರಿಲ್ಸ್ ಆಟದೊಳಗೇ ಕ್ಯಾಮೆರಾ ಹಿಡಿಯುತ್ತಾರೆ. ನಟರ ಆಯ್ಕೆಗೆ ಕರೆ ಹೋಗುತ್ತದೆ. ಬಂದವರಲ್ಲಿ ಹಸಿರು ಅನ್ಯಗ್ರಹಜೀವಿಯ ವೇಷದವನೊಬ್ಬ. ಗಂಭೀರ ಸಂಭಾಷಣೆ ನಡೆಯುತ್ತಿರುವಾಗ ದಾರಿಹೋಕ ಆಟಗಾರ ಬಂದು ಗುಂಡು ಹಾರಿಸುತ್ತಾನೆ, ಪೊಲೀಸರು ಬರುತ್ತಾರೆ, ಎಲ್ಲ ಸಾಯುತ್ತಾರೆ, ಮತ್ತೆ ಹುಟ್ಟಿ ಬಂದು ಬಿಟ್ಟ ಮಾತಿನಿಂದ ಮುಂದುವರಿಸುತ್ತಾರೆ. ಆಕಾಶದಲ್ಲಿ ತೇಲುವ ವಾಯುನೌಕೆಯ ಮೇಲೆ ತಾಲೀಮು ನಡೆಸಿದರೆ ಜಾರಿ ಬೀಳುತ್ತಾರೆ.

ಇದರ ನಡುವೆ ಒಂದು ದೃಶ್ಯದಲ್ಲಿ ಪಿನ್ನಿ, ಸ್ಯಾಮ್ ಇಬ್ಬರೂ ಆಟದೊಳಗಿನ ತಮ್ಮ ಗೊಂಬೆ ಮುಖಗಳಲ್ಲೇ ಜಗಳವಾಡುತ್ತಾರೆ. ನಾಟಕದ ಗುಂಗಿನಲ್ಲಿ ಆತ ಹೆಂಡತಿಯ ಹುಟ್ಟುಹಬ್ಬ ಮರೆತಿದ್ದಾನೆ. ಗೊಂಬೆಗಳ ಮುಖದಲ್ಲಿ ಭಾವವಿಲ್ಲ, ದನಿಯಲ್ಲಿ ಎಲ್ಲವೂ ಇದೆ. ನಗುತ್ತಿದ್ದವನು ನಾನು ಅಲ್ಲಿ ನಿಂತುಬಿಟ್ಟೆ. ಗೇಮ್ ಮತ್ತು ಬದುಕು ಎರಡು ಬೇರೆ ಊರು ಎಂದುಕೊಂಡು ಹಾಸ್ಯ ಮಾಡಿದ ಚಿತ್ರಗಳೆಲ್ಲ ಇದರ ಮುಂದೆ ಹಳತಾಗಿ ಕಾಣುತ್ತವೆ.

ಆ ಆಟವನ್ನು ಕಟ್ಟಿದ ರಾಕ್‌ಸ್ಟಾರ್ ಕಂಪನಿಯ ಭಾರತದ ಸ್ಟುಡಿಯೋ ಇರುವುದು ಬೆಂಗಳೂರಿನಲ್ಲಿ. 1997ರಲ್ಲಿ ರಾಜೇಶ್ ರಾವ್ ಇದೇ ನಗರದಲ್ಲಿ ಶುರುಮಾಡಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಜಗತ್ತು ಆಡುವ ಆಟಗಳಿಗೆ ಕೈ ಹಚ್ಚಿದವರು ನಮ್ಮ ನಡುವೆಯೇ ಬಸ್ಸು, ಮೆಟ್ರೋ ಹತ್ತಿ ಓಡಾಡುತ್ತಿದ್ದಾರೆ. ಆಡುವವರ ಬಗ್ಗೆಯಂತೂ ಹೇಳುವುದೇ ಬೇಡ. 2020ರ ಸೆಪ್ಟೆಂಬರಿನಲ್ಲಿ ಮೊಬೈಲಿನ ಪಬ್‌ಜಿ ಆಟ ನಿಷೇಧವಾದಾಗ ಎಷ್ಟು ಹಳ್ಳಿಗಳ ಬಸ್ ನಿಲ್ದಾಣದ ಕಟ್ಟೆ ಮಂಕಾಯಿತು ಎಂದು ಊರಿನವರಿಗೆ ಗೊತ್ತು.

ನಾನು ಕಂಡ ಒಂದು ರಾತ್ರಿಯನ್ನು ಹೇಳುತ್ತೇನೆ. ಅದೇ ಅಕ್ಕನ ಮಗ, ಈಗ ಮೀಸೆ ಬಂದಿದೆ, ಮೂವರು ಗೆಳೆಯರ ಜೊತೆ ಮೊಬೈಲಿನಲ್ಲಿ ಸ್ಕ್ವಾಡ್ ಕಟ್ಟಿ ಆಡುತ್ತಿದ್ದ. ಒಬ್ಬ ಹುಬ್ಬಳ್ಳಿಯವನು, ಒಬ್ಬ ಪುತ್ತೂರಿನವನು, ಇನ್ನೊಬ್ಬ ಮಂಡ್ಯದವನು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಶತ್ರು ಮನೆಯ ಮಹಡಿಯಲ್ಲಿದ್ದಾನೆ, ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಅಷ್ಟರಲ್ಲಿ ಹುಬ್ಬಳ್ಳಿಯ ಮೈಕಿನಲ್ಲಿ ತಾಯಿಯ ದನಿ: "ರೊಟ್ಟಿ ಆರಾಕತ್ತಾವ, ಏಳ್ತೀಯೋ ಇಲ್ಲೋ?" ನಾಲ್ಕು ಜಿಲ್ಲೆಯ ನಾಲ್ಕು ಮನೆಯಲ್ಲಿ ಹುಡುಗರು ಒಟ್ಟಿಗೆ ನಕ್ಕರು, ಆ ನಗುವಿನಲ್ಲೇ ನಾಲ್ವರೂ ಔಟಾದರು. ಆಮೇಲೆ ಪುತ್ತೂರಿನವನು ಮೆಲ್ಲಗೆ ಕೇಳಿದ, "ಮಾರಾಯಾ, ಪಲ್ಯ ಎಂಥದು?"

ಈ ರಾತ್ರಿ ಕನ್ನಡದ ಪರದೆಯ ಮೇಲೆ ಇನ್ನೂ ಬರಬೇಕಾಗಿದೆ. ನಮ್ಮ ಚಿತ್ರಕಥೆ ಬರೆಯುವ ಗೆಳೆಯರಲ್ಲಿ ನನ್ನದೊಂದೇ ಕೋರಿಕೆ: ಆಡುವ ಹುಡುಗನನ್ನೋ ಹುಡುಗಿಯನ್ನೋ ಪಾತ್ರ ಮಾಡುವ ಮುನ್ನ ಅವರ ಪಕ್ಕ ಕೂತು ಒಂದು ವಾರ ಆಡಿ, ಸೋಲಿ, ಅವರು ಎಲ್ಲಿ ನಗುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಬರೆಯಿರಿ.